ಕೋಳಿ ಕಾಲಿನ ಬಸ್ಸು

ಬಟ್ಟೆ ನೆನೆಸುವ ಮೊದಲು ನನ್ನ ಜೇಬು ತಡಕುವುದು ನನ್ನ ಹೆಂಡತಿ ಶರಣಮ್ಮನಿಗೆ ಮದುವೆಯಾದಾಗಿನಿಂದ ಬಂದ ಅಭ್ಯಾಸ. ಬೇರೆ ಹೆಂಗಸರು ಗಂಡನ ಜೇಬಿನಲ್ಲಿ ಏನು ಹುಡುಕುತ್ತಾರೋ ನನಗೆ ತಿಳಿಯದು. ನಮ್ಮ ಮನೆಯಲ್ಲಿ ಸಿಗುವುದು ಅಂಗಿ ಗುಂಡಿಗಳು, ಹರಿದ ಬಸ್ ಟಿಕೆಟು, ಜಿಪ್ಪಿನ ತುಂಡು, ಸೋಡಾ ಬಾಟಲಿಯ ಮುಚ್ಚಳ, ಒಮ್ಮೆ ಯಾರದೋ ಕನ್ನಡಕದ ಒಂದು ಕಡ್ಡಿ. ಅವನ್ನೆಲ್ಲ ಅವಳು ಬಚ್ಚಲ ಕಿಟಕಿಯ ಮೇಲೆ ಸಾಲಾಗಿ ಜೋಡಿಸಿಡುತ್ತಾಳೆ, ಪೊಲೀಸರು ಕಳ್ಳನ ಮಾಲನ್ನು ಮೇಜಿನ ಮೇಲೆ ಹರಡಿ ಫೋಟೋ ತೆಗೆಸುವ ಹಾಗೆ. ನಾನು ಸ್ನಾನಕ್ಕೆ ನಿಂತಾಗ ಅವು ನನ್ನನ್ನೇ ನೋಡುತ್ತಿರುತ್ತವೆ.

ಹೋದ ವಾರ ಆ ಸಾಲಿನಲ್ಲಿ ಒಂದು ಹಸಿರು ಗುಂಡಿ ಇತ್ತು. ಅದನ್ನು ನೋಡುತ್ತ ನಿಂತವನಿಗೆ ಬಕೆಟ್ ತುಂಬಿ ನೀರು ಹರಿದುಹೋದದ್ದು ತಿಳಿಯಲಿಲ್ಲ. ಟ್ಯಾಂಕರ್ ನೀರು ತರಿಸುವ ಮನೆಯಲ್ಲಿ ಇದು ಸಣ್ಣ ಅಪರಾಧವಲ್ಲ. ಹೊರಗಿನಿಂದ ಬರಬೇಕಾದ ಮಾತುಗಳು ಬಂದವು. ನಾನು ಮಾಡಿದ ಚಿತ್ರವೊಂದರ ಬಸ್ಸಿನಲ್ಲಿ ಅಂಥದೇ ಹಸಿರು ಗುಂಡಿ ಡ್ರೈವರನ ತಲೆ. ತಲೆ ಒರೆಸಿಕೊಳ್ಳುವಷ್ಟರಲ್ಲಿ ಆ ಬಸ್ಸಿನ ಕಥೆಯನ್ನು ಯಾರಿಗಾದರೂ ಹೇಳಲೇಬೇಕು ಅನ್ನಿಸಿಬಿಟ್ಟಿತು. ನೀವು ಸಿಕ್ಕಿದ್ದೀರಿ.

ನಾನು ಪೇಂಟರ್. ಹೀಗೆ ಹೇಳಿದರೆ ನಮ್ಮ ಕಗ್ಗದಾಸಪುರದಲ್ಲಿ ಜನ ಮೊದಲು ಕೇಳುವುದು ಒಂದು ರೂಮಿಗೆ ಎರಡು ಕೋಟ್ ಹೊಡೆಯಲು ಎಷ್ಟು ದಿನ ಬೇಕು ಅಂತ. ಗೋಡೆಯ ಪೇಂಟರ್ ಅಲ್ಲ ನಾನು. ನಮ್ಮೂರು ಲಿಂಗಸೂಗೂರಿನಲ್ಲಿ ಇದ್ದಾಗ ಅಂಗಡಿ ಬೋರ್ಡು ಬರೆಯುತ್ತಿದ್ದೆ. ಫ್ಲೆಕ್ಸ್ ಬಂತು, ಬೋರ್ಡು ಹೋಯಿತು, ನಾನು ಬೆಂಗಳೂರಿನ ರೈಲು ಹತ್ತಿದೆ. ಇಲ್ಲಿ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ನಂಬರು ಬರೆಯುತ್ತೇನೆ, ಹಳದಿ ಗೆರೆ ಎಳೆಯುತ್ತೇನೆ, ಗೇಟಿನ ಮೇಲೆ ಇಲ್ಲಿ ವಾಹನ ನಿಲ್ಲಿಸಬೇಡಿ ಎಂದು ಬರೆಯುತ್ತೇನೆ. ಕೆ.ಆರ್. ಪುರದಿಂದ ಇಂದಿರಾನಗರದವರೆಗೆ ನನ್ನ ಕೃತಿಗಳು ಹರಡಿವೆ. ಏನು ಮಾಡುವುದು, ದಿನಾ ಅವುಗಳ ಮೇಲೆ ಕಾರು ನಿಲ್ಲಿಸುತ್ತಾರೆ.

ಬಣ್ಣದ ಜೊತೆಗೆ ಸಿಕ್ಕಿದ್ದನ್ನೆಲ್ಲ ಅಂಟಿಸಿ ಮಾಡುವ ಚಿತ್ರಕ್ಕೆ ಮಿಕ್ಸೆಡ್ ಮೀಡಿಯಾ ಅನ್ನುತ್ತಾರೆ ಎನ್ನುವುದು ನನಗೆ ತೀರ ಈಚೆಗೆ ತಿಳಿದದ್ದು. ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬಿಟ್ಟ ಮೇಲೆ ನಮ್ಮೂರ ಟಾಕೀಸಿಗೆ ಪೋಸ್ಟರ್ ಅಂಟಿಸಲು ಸೇರಿಕೊಂಡೆ. ಮೈದಾಹಿಟ್ಟನ್ನು ಕುದಿಸಿ, ಹುಳ ಬೀಳದಿರಲಿ ಎಂದು ಚಿಟಿಕೆ ಮೈಲುತುತ್ತ ಕಲಸಿ, ಆ ಅಂಟಿನ ಬಕೆಟ್ಟನ್ನು ಸೈಕಲ್ಲಿಗೆ ತೂಗುಹಾಕಿಕೊಂಡು ಊರೆಲ್ಲ ಸುತ್ತುತ್ತಿದ್ದೆ. ಹಳೆಯ ಪೋಸ್ಟರಿನ ಮೇಲೇ ಹೊಸದನ್ನು ಅಂಟಿಸುವುದು ಪದ್ಧತಿ. ಬಿಸಿಲಿಗೆ ಹೊಸದರ ಒಂದು ಮೂಲೆ ಕಿತ್ತುಕೊಂಡರೆ ಒಳಗಿನದು ಇಣುಕುತ್ತಿತ್ತು. ನಾಯಕಿಯ ಮೂಗಿನ ಕೆಳಗೆ ಹೋದ ವಾರದ ಖಳನಾಯಕನ ಮೀಸೆ. ದೇವರ ಕೈಯಲ್ಲಿ ಅದಕ್ಕೂ ಹಿಂದಿನ ವಾರದ ಪಿಸ್ತೂಲು. ಬಸ್ ಸ್ಟ್ಯಾಂಡಿನ ಗೋಡೆಯ ಮುಂದೆ ನಿಂತು ನಾನು ಒಬ್ಬನೇ ನಗುತ್ತಿದ್ದೆ. ಮಾಲೀಕರು ನೋಡಿ ಬೈದರು, ಹರಿದದ್ದನ್ನು ಸರಿಯಾಗಿ ಮುಚ್ಚು ಅಂದರು. ಮುಚ್ಚುವ ಮುಂಚೆ ಇನ್ನಷ್ಟು ಹರಿದು ನೋಡುತ್ತಿದ್ದೆ. ನನ್ನ ಕಲಾಶಾಲೆ ಅದೇ.

ಇನ್ನೊಂದು ಶಾಲೆಯ ವಿಷಯವೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತೆ, ಖಾಸಗಿಯಾಗಿ ಕಟ್ಟಿ. ಕೇಂದ್ರ ಹಲಸೂರಿನ ಕಡೆ ಒಂದು ಹೈಸ್ಕೂಲು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಳಗೆ ಹೋದರೆ ಕೋಣೆಯ ಹುಡುಗರೆಲ್ಲ ಎದ್ದು ನಿಂತು ನಮಸ್ತೆ ಸರ್ ಅಂದರು. ಅಷ್ಟು ಜನ ಒಟ್ಟಿಗೆ ಎದ್ದು ನಿಂತದ್ದು ನನ್ನ ಜೀವನದಲ್ಲಿ ಅದೇ ಮೊದಲು. ಬಾಯಿಗೆ ಬೇರೇನೂ ಬರದೆ ಕೂತ್ಕೊಳ್ಳಿ ಅಂದೆ. ಕೂತರು. ಆಮೇಲೆ ನಾನೂ ಮೂರನೇ ಬೆಂಚಿನಲ್ಲಿ ಹೋಗಿ ಕೂತೆ. ವಿಜ್ಞಾನದ ಪತ್ರಿಕೆಯಲ್ಲಿ ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದಿತ್ತು. ಎಷ್ಟೋ ವರ್ಷದ ಮೇಲೆ ಯಾರೋ ನನಗೆ ಚಿತ್ರ ಬರೆ ಅಂದಿದ್ದರು. ಪೆನ್ಸಿಲನ್ನು ಮಲಗಿಸಿ ನೆರಳು ಕೊಟ್ಟೆ, ರಕ್ತನಾಳಕ್ಕೆ ಹೊಳಪು ಬಿಟ್ಟೆ. ಮುಗಿಸಿ ತಲೆ ಎತ್ತಿದಾಗ ಅರ್ಧ ಹೊತ್ತು ಹೋಗಿತ್ತು, ಭಾಗಗಳನ್ನು ಗುರುತಿಸಿರಲಿಲ್ಲ. ವಿಜ್ಞಾನದಲ್ಲಿ ಹೇಗೋ ದಡ ಮುಟ್ಟಿದೆ. ಮೇಲ್ವಿಚಾರಕಿ ಉತ್ತರಪತ್ರಿಕೆ ಕಟ್ಟುವಾಗ ಮಾತ್ರ ಆ ಹಾಳೆಯನ್ನು ತಿರುಗಿಸಿ ಎರಡು ಸಲ ನೋಡಿದರು. ನನ್ನ ಲೆಕ್ಕದಲ್ಲಿ ಅದು ಫಸ್ಟ್ ಕ್ಲಾಸು.

ಹೀಗೆ ಎಲ್ಲದಕ್ಕೂ ನಾನು ಒಂದು ಸ್ಟಾಪು ತಡ. ಆಡುವ ವಯಸ್ಸಿನಲ್ಲಿ ಪೋಸ್ಟರ್ ಅಂಟಿಸಿದೆ, ಓದುವ ವಯಸ್ಸಿನಲ್ಲಿ ಬೋರ್ಡು ಬರೆದೆ, ಮಕ್ಕಳನ್ನು ಓದಿಸುವ ವಯಸ್ಸಿನಲ್ಲಿ ಓದಿದೆ. ಈಗ ಆಡುತ್ತಿದ್ದೇನೆ. ರಟ್ಟಿನ ಮೇಲೆ ಗುಂಡಿ ಇಟ್ಟು ಇದು ಕಣ್ಣೋ ಚಕ್ರವೋ ಎಂದು ಯೋಚಿಸುವುದಕ್ಕಿಂತ ದೊಡ್ಡ ಆಟ ನನಗೆ ಗೊತ್ತಿಲ್ಲ.

ಒಂದು ಮಧ್ಯಾಹ್ನ ಇಂದಿರಾನಗರದ ಒಂದು ಕಟ್ಟಡದ ಬೇಸ್‌ಮೆಂಟಿನಲ್ಲಿ ಊಟ ಮುಗಿಸಿ ಹೀಗೇ ಆಡುತ್ತಿದ್ದೆ. ಬರೆದ ನಂಬರು ಒಣಗುವವರೆಗೆ ಬೇರೆ ಕೆಲಸ ಇರುವುದಿಲ್ಲ. ಟೈಲ್ಸ್ ಬಂದ ಡಬ್ಬಿಯ ರಟ್ಟಿನ ಮೇಲೆ ಬಸ್ ಟಿಕೆಟಿನ ಚೂರುಗಳನ್ನು ಅಂಟಿಸಿ ಅಂಗೈಯಗಲದ ಬಸ್ಸು ಮಾಡಿದ್ದೆ. ಚಕ್ರ ಬರೆಯಲು ಮನಸ್ಸು ಬರಲಿಲ್ಲ, ಎರಡು ಕೋಳಿ ಕಾಲು ಬರೆದಿದ್ದೆ. ಆಗ ಕಾರು ತೆಗೆಯಲು ಒಬ್ಬರು ಬಂದರು. ಅದೇ ಕಟ್ಟಡದ ನೆಲಮಹಡಿಯಲ್ಲಿ ಚಿತ್ರಗಳ ಸಣ್ಣ ಗ್ಯಾಲರಿ ನಡೆಸುವ ವಸುಧಾ ಮೇಡಂ. ಬಣ್ಣ ಹಸಿ ಇದೆ, ಆ ಕಡೆಯಿಂದ ಬನ್ನಿ ಎಂದು ಹೇಳಲು ನಾನು ಎದ್ದು ನಿಂತೆ, ಅವರ ಕಣ್ಣು ರಟ್ಟಿನ ಮೇಲೆ ಬಿತ್ತು.

"ಇದೇನ್ರೀ, ಬಸ್ಸಿಗೆ ಕಾಲು?"

"ದಿನಾ ಕೆ.ಆರ್. ಪುರದ ತೂಗುಸೇತುವೆ ಹತ್ರ ಸಿಕ್ಕಾಕ್ಕೊಳ್ತೀನಿ ಮೇಡಂ. ಚಕ್ರದ ಬದ್ಲು ಕೋಳಿ ಕಾಲಿದ್ರೆ ಕಾರುಗಳನ್ನ ದಾಟ್ಕೊಂಡು ಹೋಗ್ಬಹುದಿತ್ತಲ್ಲ ಅಂತ."

ಅವರು ನಕ್ಕರು. ನಗು ಮುಗಿದ ಮೇಲೂ ರಟ್ಟನ್ನು ಕೆಳಗಿಡಲಿಲ್ಲ. ಮಿಕ್ಸೆಡ್ ಮೀಡಿಯಾ ಎಂಬ ಮಾತನ್ನು ಅವತ್ತು ಅವರ ಬಾಯಿಂದಲೇ ಕೇಳಿದ್ದು. ಎರಡು ತಿಂಗಳ ನಂತರ ಆಟದಂಥ ಚಿತ್ರಗಳದ್ದೇ ಒಂದು ಪ್ರದರ್ಶನ ಮಾಡುತ್ತಿದ್ದಾರಂತೆ. ಬಾಗಿಲಿಗೂ ಕಿಟಕಿಗೂ ನಡುವೆ ಒಂದು ಗೋಡೆ ಖಾಲಿ ಇದೆ, ಇದನ್ನೇ ದೊಡ್ಡದಾಗಿ ಮಾಡಿ ತನ್ನಿ, ಶನಿವಾರ ಪ್ರದರ್ಶನ ಶುರು, ಹಿಂದಿನ ದಿನ ಶುಕ್ರವಾರ ಸಂಜೆ ಐದರೊಳಗೆ ಚಿತ್ರ ನನ್ನ ಕೈಯಲ್ಲಿರಬೇಕು ಅಂದರು. ನಾನು ಹ್ಞೂಂ ಅಂದೆ. ಅವರು ಕಾರು ತೆಗೆದುಕೊಂಡು ನನ್ನ ಹಸಿ ನಂಬರಿನ ಮೇಲೆಯೇ ಹೋದರು. ಬೇಜಾರಾಗಲಿಲ್ಲ. ನೆಲದ ಮೇಲಿದ್ದವನಿಗೆ ಗೋಡೆ ಸಿಕ್ಕಿತ್ತು.

ಆ ಎರಡು ತಿಂಗಳು ತುಂಬಿದಷ್ಟು ನನ್ನ ಜೇಬುಗಳು ಯಾವತ್ತೂ ತುಂಬಿರಲಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಓಣಿಗಳಲ್ಲಿ ಬಟ್ಟೆ ಆಲ್ಟರ್ ಮಾಡುವವರು ಕೂತಿರುತ್ತಾರೆ, ಕೇಳಿದರೆ ಕಿತ್ತ ಜಿಪ್ಪು, ಒಂಟಿ ಗುಂಡಿ ಕೊಡುತ್ತಾರೆ. ಶಿವಾಜಿನಗರದಲ್ಲಿ ಮದುವೆ ಕಾರ್ಡು ಮಾಡುವ ಅಂಗಡಿಯವರು ಬಂಗಾರದ ಬಣ್ಣದ ಕಾಗದದ ಅಂಚುಗಳನ್ನು ಚೀಲದಲ್ಲಿ ತುಂಬಿ ಕೊಟ್ಟರು. ಶರಣಮ್ಮ ಮನೆಯಲ್ಲೇ ಸೀರೆಗೆ ಫಾಲ್ ಹೊಲಿದು ಕುಚ್ಚು ಕಟ್ಟುತ್ತಾಳೆ. ಅವಳ ಮೆಷಿನ್ನಿನ ಕೆಳಗೆ ಬಿದ್ದ ಕೆಂಪು ಚೂರುಗಳಿಂದ ಬಸ್ಸಿನ ತಲೆಯ ಮೇಲೆ ಕೋಳಿಯ ಜುಟ್ಟು ಆಯಿತು. ಕಟ್ಟಡದಲ್ಲಿ ಮಿಕ್ಕ ಹಳದಿ ವೈರನ್ನು ತಿರುಚಿ ಕಾಲು ಮಾಡಿದೆ, ಒಂದನ್ನು ಊರಿಸಿ ಒಂದನ್ನು ಎತ್ತಿಸಿದೆ. ಕಿಟಕಿಗೊಂದರಂತೆ ಗುಂಡಿ, ಎಲ್ಲ ಪ್ಯಾಸೆಂಜರುಗಳು. ನಾಲ್ಕು ತೂತಿನ ಗುಂಡಿಗಳು ಸೀಟು ಸಿಕ್ಕವರು, ಎರಡು ತೂತಿನವು ನಿಂತವರು. ಹೀಗೇ ಯಾಕೆ ಎಂದು ಯಾರಾದರೂ ಕೇಳಲಿ ಎಂದು ಕಾದಿದ್ದೆ, ಆಗ ಯಾರೂ ಕೇಳಲಿಲ್ಲ.

ಉಳಿದದ್ದು ರಸ್ತೆ. ಬಣ್ಣ ಬಳಿದೆ, ಮರಳು ಅಂಟಿಸಿದೆ, ಯಾವುದೂ ಸರಿಹೋಗಲಿಲ್ಲ. ಅದೇ ಹೊತ್ತಿಗೆ ಊರಿನಿಂದ ಜೋಳದ ಚೀಲ ಬಂತು. ನಮ್ಮ ಕಡೆಯವರು ಬೆಂಗಳೂರಿನಲ್ಲಿ ಎಷ್ಟು ವರ್ಷವಿದ್ದರೂ ರೊಟ್ಟಿಯ ಜೋಳ ಊರಿನದೇ ಆಗಬೇಕು. ಚೀಲದ ಬಾಯಿ ಬಿಚ್ಚಿದೆ. ಬೆಳ್ಳನೆಯ ಕಾಳು, ಒಂದು ಬದಿಗೆ ತುಸು ಹಳದಿ, ಮುತ್ತಿನಂಥ ಹೊಳಪು. ಇದೇ ನನ್ನ ರಸ್ತೆ ಅಂದುಕೊಂಡೆ. ಶರಣಮ್ಮ ಅಂಗಡಿಗೆ ಹೋಗಿದ್ದಾಗ ಒಂದು ಸೇರಿನಷ್ಟು ತೆಗೆದೆ. ನಾಲ್ಕು ದಿನ ಕೂತು ಒಂದೊಂದೇ ಕಾಳನ್ನು ಸಾಲಾಗಿ ಅಂಟಿಸಿದೆ. ಅಂಟಿಗೆ ಮರೆಯದೆ ಮೈಲುತುತ್ತ ಹಾಕಿದೆ, ಅಷ್ಟು ಬುದ್ಧಿ ಇತ್ತು. ಚಿತ್ರವನ್ನು ಎತ್ತಿಕೊಂಡು ಶಿವಾಜಿನಗರದಲ್ಲಿ ಮಾರ್ಕೆಟ್ಟಿನ ಹಿಂದೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿರುವ ಖಲೀಲ್ ಭಾಯ್ ಹತ್ತಿರ ಹೋದೆ. ಅವರು ಗಾಜು ಕೂರಿಸಿ ಹಿಂದೆ ಟೇಪು ಹೊಡೆದು, ಗಾಳಿಯೂ ಹೋಗಲ್ಲ ಭಾಯ್ ಎಂದು ಚಿತ್ರದ ಬೆನ್ನು ತಟ್ಟಿ ಕೊಟ್ಟರು. ಪ್ರದರ್ಶನಕ್ಕೆ ಇನ್ನೂ ಮೂರು ವಾರವಿತ್ತು. ಮೊದಲ ಬಾರಿ ಜೀವನದಲ್ಲಿ ಒಂದು ಕೆಲಸ ಮುಂಚಿತವಾಗಿ ಮುಗಿದಿತ್ತು. ಮೇಡಂಗೆ ಫೋಟೋ ಕಳಿಸಿದೆ. ಊರಿಗೆ ಫೋನ್ ಮಾಡಿ ಸಿಕ್ಕಸಿಕ್ಕವರಿಗೆಲ್ಲ ನನ್ನ ಚಿತ್ರ ಇಂದಿರಾನಗರದ ಗೋಡೆಗೆ ಏರುತ್ತದೆ ಎಂದು ಹೇಳಿದೆ. ಟಾಕೀಸಿನ ಹಳೆಯ ಮಾಲೀಕರಿಗೂ ಹೇಳಿದೆ. ಅವರು, ಸುಕ್ಕು ಬರದಂಗ ಅಂಟಿಸಪ್ಪ, ಅಂದರು.

ಪ್ರದರ್ಶನದ ವಾರ, ಬುಧವಾರ ಬೆಳಿಗ್ಗೆ, ನಾನು ಗಡ್ಡ ಹೆರೆದುಕೊಳ್ಳುತ್ತಿದ್ದೆ. ಚಿತ್ರ ಟಿವಿ ಮೇಲಿನ ಗೋಡೆಯಲ್ಲಿತ್ತು. ಶರಣಮ್ಮ ಕಸ ಗುಡಿಸುತ್ತಿದ್ದವಳು ಅದರ ಮುಂದೆ ನಿಂತಳು. ಅವಳ ದನಿಯಲ್ಲಿ ಗಾಬರಿಯೇನೂ ಇರಲಿಲ್ಲ.

"ಏನ್ರೀ, ನಿಮ್ಮ ಬಸ್ಸಿನ ಮಂದಿ ಇಳದು ಅಡ್ಡಾಡಾಕತ್ತಾರ ನೋಡ್ರಿ."

ಮುಖದ ಮೇಲೆ ಅರ್ಧ ಸೋಪು ಇಟ್ಟುಕೊಂಡು ಬಂದು ನೋಡಿದೆ. ಗಾಜಿನ ಒಳಗೆ, ನನ್ನ ಮುತ್ತಿನ ರಸ್ತೆಯ ಮೇಲೆ, ಕಂದು ಬಣ್ಣದ ನುಸಿಗಳು ಸಾಲಾಗಿ ಹೊರಟಿದ್ದವು. ಎಷ್ಟೋ ಕಾಳಿನಲ್ಲಿ ಸೂಜಿ ಚುಚ್ಚಿದಂತೆ ತೂತು. ಒಂದು ನುಸಿ ಡ್ರೈವರನ ತಲೆಯ ಮೇಲೆ ಹತ್ತಿ ಕೂತಿತ್ತು. ಕೆಳಗಿನ ಅಂಚಿನಲ್ಲಿ ಬೆಳ್ಳಗೆ ಹಿಟ್ಟು ಉದುರಿ ಗುಡ್ಡೆಯಾಗಿತ್ತು.

ಶರಣಮ್ಮ ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಚೀಲದಿಂದ ಕಾಳು ತೆಗೆದದ್ದು ಯಾವಾಗ ಎಂದು ಕೇಳಿದಳು. ಬಂದ ದಿನವೇ ಅಂದೆ. ಅವಳು ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ನಮ್ಮ ಕಡೆ ಜೋಳ ಮನೆಗೆ ಬಂದರೆ ಮೊದಲು ಎರಡು ದಿನ ಬಿಸಿಲಿಗೆ ಹಾಕುತ್ತಾರೆ, ಆಮೇಲೆ ಬೇವಿನ ಸೊಪ್ಪು ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಬಿಸಿಲು ಕಾಣದ ಕಾಳಿನ ಹೊಟ್ಟೆಯೊಳಗೇ ನುಸಿಯ ಮೊಟ್ಟೆ ಇರುತ್ತದೆ ಎನ್ನುವುದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಚಿಕ್ಕವನಿದ್ದಾಗ ಮಾಳಿಗೆಯ ಮೇಲೆ ಜೋಳ ಕಾಯಲು ಕೂತವನು ನಾನೇ. ಅಂಟಿಗೆ ವಿಷ ಹಾಕಿದೆ, ಕಾಳಿಗೆ ಬಿಸಿಲು ತೋರಿಸಲಿಲ್ಲ. ಕಲಾವಿದನಾದೆನಲ್ಲ, ಜೋಳ ಜೋಳ ಎನ್ನುವುದೇ ಮರೆತುಹೋಯಿತು. ಅದು ನನಗೆ ಬರಿ ಹೊಳಪಾಗಿ ಕಂಡಿತು.

ಖಲೀಲ್ ಭಾಯ್‌ಗೆ ಫೋನ್ ಮಾಡಿದರೆ, ಔಷಧಿ ಹೊಡೆದರೆ ಬಣ್ಣ ಮಬ್ಬಾಗುತ್ತೆ, ಒಳಗೇ ಸತ್ತರೆ ಗಾಜಿನಲ್ಲಿ ಹಾಗೇ ಕಾಣುತ್ತೆ, ಬೇಡ ಅಂದರು. ಮೇಡಂಗೆ ಫೋನ್ ಮಾಡಿ ವಿಷಯ ಹೇಳದೆ, ಸೋಮವಾರ ತಂದರೆ ನಡೆಯುತ್ತದೆಯೇ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು. "ಶುಕ್ರವಾರ ಐದಕ್ಕೆ ಬರ್ಲಿಲ್ಲ ಅಂದ್ರೆ ಆ ಗೋಡೆಗೆ ಬೇರೆ ಪೇಂಟಿಂಗ್ ಹಾಕ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ ಬಸವರಾಜ್," ಅಂದರು. ನಾನು ಫೋನ್ ಇಟ್ಟು ಚಾಪೆಯ ಮೇಲೆ ಕೂತೆ. ಹೋಗಲಿ ಬಿಡು, ನೆಲದ ನಂಬರು ಬರೆಯುವವನಿಗೆ ಗೋಡೆ ಯಾಕೆ ಎಂದು ಗಟ್ಟಿಯಾಗಿಯೇ ಹೇಳಿದೆ.

ಶರಣಮ್ಮನಿಗೆ ನನ್ನ ಚಿತ್ರಗಳ ಬಗ್ಗೆ ಅಲ್ಲಿಯವರೆಗೆ ಒಂದೇ ಅಭಿಪ್ರಾಯವಿತ್ತು, ಜಾಗ ಬಹಳ ಹಿಡಿಯುತ್ತವೆ ಎಂದು. ಆದರೆ ನುಸಿ ಹತ್ತಿದ ಜೋಳವನ್ನು ಹಾಗೇ ಬಿಟ್ಟು ಕೂರುವುದನ್ನು ಅವಳು ಕಂಡವಳಲ್ಲ.

"ಜ್ವಾಳಕ್ಕ ನುಸಿ ಹತ್ತಿದ್ರ ಮನಿ ಬಿಟ್ಟು ಹೊಕ್ಕಾರೇನ್ರೀ? ಏಳ್ರಿ ಮ್ಯಾಲಕ. ಅದರ ಕಟ್ಟು ಬಿಚ್ರಿ."

ಅವತ್ತಿನ ಬಿಸಿಲು ಹೋಗಿಯಾಗಿತ್ತು, ಗುರುವಾರ ಕೆಲಸಕ್ಕೆ ಹೋಗಲಿಲ್ಲ. ಕಟ್ಟು ಬಿಚ್ಚಿ ಚಿತ್ರವನ್ನು ಟೆರೇಸಿಗೆ ಒಯ್ದೆವು. ನಮ್ಮ ಬೀದಿಯಲ್ಲಿ ನಾಲ್ಕು ಮಹಡಿಯ ಕಟ್ಟಡಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿವೆ, ಬಿಸಿಲು ಹತ್ತೂವರೆಗೆ ಬಂದು ಎರಡಕ್ಕೆ ಎದ್ದು ಹೋಗುತ್ತದೆ. ಅಷ್ಟರಲ್ಲಿ ಮುಗಿಯಬೇಕು. ಬಿಸಿ ತಾಗಿದ ತಕ್ಷಣ ನುಸಿಗಳು ರಸ್ತೆ ಬಿಟ್ಟು ಅಂಚಿನ ಕಡೆಗೆ ಓಡತೊಡಗಿದವು. ಕೆ.ಆರ್. ಪುರದ ಕಡೆ ಟ್ರಾಫಿಕ್ ಅಷ್ಟು ಬೇಗ ಕರಗಿದ್ದನ್ನು ನಾನು ನೋಡಿಲ್ಲ. ಅವಳು ಸೀರೆಯ ಸೆರಗು ತಲೆಗೆ ಹಾಕಿಕೊಂಡು ಕೂತು, ಕಲ್ಲು ಆರಿಸುವ ಹಾಗೆ ಒಂದೊಂದನ್ನೇ ಬೆರಳ ತುದಿಯಲ್ಲಿ ಆರಿಸಿ ಹಾಕಿದಳು. ನೀರಿನ ಟ್ಯಾಂಕಿನ ಮೇಲಿಂದ ಪಾರಿವಾಳಗಳು ಇಳಿದವು. ನನ್ನ ಚಿತ್ರವನ್ನು ಹತ್ತಿರದಿಂದ ನೋಡಲು ಬಂದ ಮೊದಲ ಪ್ರೇಕ್ಷಕರು. ನಾನು ಅಂಟಿನ ಬ್ರಷ್ ತರಲು, ಅವಳು ನೀರು ಕುಡಿಯಲು ಕೆಳಗೆ ಹೋಗಿಬರುವಷ್ಟರಲ್ಲಿ ಅವು ಬಲಗಡೆಯ ಅರ್ಧ ರಸ್ತೆಯನ್ನು ತಿಂದಿದ್ದವು. ಶರಣಮ್ಮ ಚಪ್ಪಲಿ ಎಸೆದಳು. ಚಪ್ಪಲಿ ಪಕ್ಕದ ಮನೆಯ ಟೆರೇಸಿಗೆ ಬಿತ್ತು.

ಉಳಿದ ಕಾಳುಗಳಲ್ಲೂ ಮುಕ್ಕಾಲು ಪಾಲು ಪೊಳ್ಳು. ಪುಟ್ಟಿ ಹಚ್ಚುವ ಪಟ್ಟಿಯಿಂದ ಎಲ್ಲವನ್ನೂ ಕೆರೆದು ತೆಗೆದೆ. ನಾಲ್ಕು ದಿನದ ಕೆಲಸ ಹತ್ತು ನಿಮಿಷದಲ್ಲಿ ಮೊರದ ಮೇಲೆ ಬಿತ್ತು. ಈಗ ಬಸ್ಸಿನ ಕಾಲಿನ ಕೆಳಗೆ ಬರಿ ಬೋಳು ರಟ್ಟು. ಇದಕ್ಕೆ ಮತ್ತೆ ಏನನ್ನು ಹಚ್ಚಲಿ ಎಂದು ಕೂತಿದ್ದಾಗ ಅವಳು ಎದ್ದು ಕೆಳಗೆ ಹೋದಳು. ಕಾಳನ್ನು ಹುರಿದುಬಿಟ್ಟರೆ ಅದರಲ್ಲಿ ಯಾವ ಮೊಟ್ಟೆಯೂ ಉಳಿಯುವುದಿಲ್ಲ, ಹುರಿದು ತರುತ್ತೇನೆ ಅಂದಳು. ನಾಗರಪಂಚಮಿಗೆ ಜೋಳದ ಅಳ್ಳು ಹುರಿಯುವ ಕೈ ಅದು. ರೂಢಿಯಂತೆ ಕಾಳಿಗೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಕಟ್ಟಿಟ್ಟು, ಕಾದ ಬಾಣಲೆಗೆ ಹಾಕಿದಳು. ಮೆಟ್ಟಿಲ ಮೇಲೆ ಕೂತವನಿಗೆ ಚಟಪಟ ಕೇಳಿಸಿತು. ಅವಳು ತಂದ ಪರಾತದಲ್ಲಿ ಹುರಿದ ಕಾಳಿಗಿಂತ ಅರಳಿದ ಅಳ್ಳೇ ಹೆಚ್ಚಿತ್ತು. ಬೆಳ್ಳಗೆ, ಹಗುರಾಗಿ, ಒಂದೊಂದೂ ಒಂದೊಂದು ಆಕಾರ.

"ಇವು ಅಳ್ಳಾಗ್ಯಾವು. ಕಾಳು ಬ್ಯಾರೆ ಆರಿಸಿ ಕೊಡ್ತೀನಿ, ತಡೀರಿ," ಅಂದಳು.

ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಒಂದು ಹಿಡಿ ಅಳ್ಳು ತೆಗೆದು, ಎತ್ತಿದ ಕೋಳಿ ಕಾಲಿನ ಹಿಂದೆ ಸುಮ್ಮನೆ ಉದುರಿಸಿದೆ. ಅಷ್ಟೇ. ಬಸ್ಸು ಹೊರಟಿತು.

ಇದನ್ನು ಹೇಗೆ ಹೇಳಿದರೆ ನಿಮಗೆ ತಿಳಿಯುತ್ತದೋ ಗೊತ್ತಿಲ್ಲ. ಎರಡು ತಿಂಗಳಿಂದ ಆ ಬಸ್ಸು ಒಂದು ಕಾಲೆತ್ತಿ ನಿಂತೇ ಇತ್ತು, ಫೋಟೋ ತೆಗೆಸಿಕೊಳ್ಳುವವರ ಹಾಗೆ. ನಿಂತಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮುತ್ತಿನಂಥ ರಸ್ತೆಯ ಚಂದವನ್ನೇ ನೋಡುತ್ತಿದ್ದೆ. ಈಗ ಕಾಲಿನ ಹಿಂದೆ ಧೂಳು ಎದ್ದಿತು, ಬಸ್ಸು ಓಡಿತು, ಒಳಗಿನ ಗುಂಡಿಗಳೆಲ್ಲ ಹಿಂದಕ್ಕೆ ವಾಲಿದ ಹಾಗೆ ಕಂಡವು. ಅವತ್ತು ಮಧ್ಯಾಹ್ನವಿಡೀ ಇಬ್ಬರೂ ಕೂತು ಅಂಟಿಸಿದೆವು. ಬಡಗಿಗಳು ಬಳಸುವ ಬಿಳಿ ಗೋಂದಿನಲ್ಲಿ ನಾನು ಹಚ್ಚುತ್ತ ಹೋದೆ, ಯಾವ ಅಳ್ಳು ಎಲ್ಲಿಗೆ ಎಂದು ಅವಳು ಆರಿಸಿ ಕೊಟ್ಟಳು. ಕೊಟ್ಟದ್ದನ್ನು ಬೇರೆ ಕಡೆ ಇಟ್ಟರೆ ಕಿತ್ತು ತನ್ನ ಜಾಗಕ್ಕೆ ಇಟ್ಟಳು. ಒಣಗಿದ ಮೇಲೆ ಮೇಲೊಂದು ವಾರ್ನಿಷು ಎಳೆದೆ.

ಶುಕ್ರವಾರ ಬೆಳಿಗ್ಗೆ ಖಲೀಲ್ ಭಾಯ್ ಅಂಗಡಿ ತೆಗೆಯುವ ಮುಂಚೆ ನಾನು ಅಲ್ಲಿದ್ದೆ. ಅವರು ಚಿತ್ರಕ್ಕೆ ಸುತ್ತಿದ ಬಟ್ಟೆ ಬಿಚ್ಚಿ, ಇದೇನು ಮಂಡಕ್ಕಿ ಮೆತ್ತಿದ್ದೀರಾ ಎಂದು ಕೇಳಿದರು. ಇಷ್ಟು ಉಬ್ಬಿದ್ದಕ್ಕೆ ಮಾಮೂಲಿ ಕಟ್ಟು ಆಗುವುದಿಲ್ಲ, ಗಾಜು ತಾಗಿ ಪುಡಿಯಾಗುತ್ತದೆ, ಡಬ್ಬಿಯ ಥರ ಆಳವಾದ ಕಟ್ಟು ಬೇಕು, ಅದಕ್ಕೆ ಎರಡು ದಿನ ಹಿಡಿಯುತ್ತದೆ, ಮೇಲಾಗಿ ಇವತ್ತು ಜುಮ್ಮಾ, ಒಂದಕ್ಕೆ ಅಂಗಡಿ ಮುಚ್ಚಬೇಕು ಎಂದು ಲೆಕ್ಕ ಒಪ್ಪಿಸಿದರು. ಒಪ್ಪಿಸುತ್ತಲೇ ಚಿತ್ರವನ್ನು ಗೋಡೆಗೆ ಒರಗಿಸಿ ಎರಡು ಹೆಜ್ಜೆ ಹಿಂದೆ ಹೋದರು. ಅರ್ಧ ಕೂರಿಸಿದ್ದ ಯಾರದೋ ಮದುವೆ ಫೋಟೋವನ್ನು ಮೇಜಿನಿಂದ ತೆಗೆದು ಬದಿಗಿಟ್ಟರು.

"ಅವತ್ತು ತಂದಾಗ ಇದು ಖಡಾ ನಿಂತಿತ್ತು ಭಾಯ್. ಇವತ್ತು ಓಡ್ತಾ ಇದೆ."

ಎರಡು ದಿನದ ಕೆಲಸವನ್ನು ಹನ್ನೆರಡೂವರೆಗೆ ಮುಗಿಸಿದರು. ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಬೈಯುತ್ತಿದ್ದರು, ಯಾರಿಗೆ ಎಂದು ತಿಳಿಯಲಿಲ್ಲ. ಮೂಲೆಯ ಒಣಗದ ಗೋಂದನ್ನು ಮುಟ್ಟಬೇಡಿ, ನಾನು ನಮಾಜಿಗೆ ಹೋಗಿಬರುತ್ತೇನೆ, ಬಂದ ಮೇಲೆ ಒಯ್ಯಿರಿ ಅಂದರು. ನಾನು ಕಾದೆ. ನಮಾಜು, ಊಟ ಮುಗಿಸಿ ಬಂದು ಮೂಲೆಗಳನ್ನು ಒತ್ತಿ ನೋಡಿ ಕೊಟ್ಟಾಗ ಮೂರು ದಾಟಿತ್ತು.

ಬಸ್ಸು ಹತ್ತಿದೆ. ಸುತ್ತಿದ ಬಟ್ಟೆ ಜಾರಿ ಚಿತ್ರ ಕಾಣುತ್ತಿತ್ತು. ಹಲಸೂರು ಬರುವಷ್ಟರಲ್ಲಿ ಬಸ್ಸು ನಿಂತಿತು, ನಿಂತದ್ದು ನಿಂತೇ ಇತ್ತು. ನಾಲ್ಕು ಗಂಟೆ, ನಾಲ್ಕೂ ಹತ್ತು, ನಾಲ್ಕೂ ಇಪ್ಪತ್ತು. ಕಂಡಕ್ಟರ್ ಬಂದು ಟಿಕೆಟ್ ಕೊಟ್ಟು, ಚಿತ್ರದ ಮೇಲೆ ಬಗ್ಗಿ ತಮ್ಮದೇ ಟಿಕೆಟುಗಳನ್ನು ಗುರುತು ಹಿಡಿದರು.

"ಗುರು, ನಮ್ ಬಸ್ಸಿಗೂ ಇಂಥ ಕಾಲು ಹಾಕ್ಸಿ ಕೊಡಪ್ಪ. ಇವತ್ತೇ ಬೇಕು."

ಹತ್ತಿರ ಕೂತವರೆಲ್ಲ ಕತ್ತು ಚಾಚಿದರು. ಒಬ್ಬರು ನಿಂತ ಪ್ಯಾಸೆಂಜರು ಯಾರು ಎಂದು ಕೇಳಿದರು. ಆ ಪ್ರಶ್ನೆಗೆ ನಾನು ತಿಂಗಳುಗಟ್ಟಲೆ ಕಾದಿದ್ದೆ, ಉತ್ತರ ಹೇಳಲು ವ್ಯವಧಾನವಿರಲಿಲ್ಲ. ನಾಲ್ಕೂ ಇಪ್ಪತ್ತೈದಕ್ಕೆ ಇಳಿದೆ. ಚಿತ್ರವನ್ನು ತಲೆಯ ಮೇಲೆ ಹೊತ್ತು ಓಡಿದೆ. ನಲವತ್ತೊಂದು ವರ್ಷದ ಗಂಡಸು, ತಲೆಯ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ಕೋಳಿ ಕಾಲಿನ ಬಸ್ಸು. ಸಾಲುಗಟ್ಟಿ ನಿಂತ ಕಾರುಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತ ಹೋದೆ. ಮೆಟ್ರೋ ಕಂಬಗಳ ಕೆಳಗೆ ನೆರಳಿತ್ತು. ಯಾವುದೋ ಕಾರಿನ ಕಿಟಕಿ ಇಳಿದು ಯಾರೋ ಫೋಟೋ ತೆಗೆದರು. ತೆಗೆಯಲಿ ಬಿಡಿ, ಎಡಗಡೆಯಿಂದ ನಾನು ಪರವಾಗಿಲ್ಲ.

ಗ್ಯಾಲರಿಯ ಬಾಗಿಲಲ್ಲಿ ನಿಂತಾಗ ಐದಕ್ಕೆ ಎಂಟು ನಿಮಿಷವಿತ್ತು. ಬಾಗಿಲಿಗೂ ಕಿಟಕಿಗೂ ನಡುವಿನ ಗೋಡೆಗೆ ಬೇರೆ ಒಂದು ಚಿತ್ರವನ್ನು ಒರಗಿಸಿಟ್ಟಿದ್ದರು. ದೊಡ್ಡದು, ನೀಲಿ, ಬಹಳ ಅಚ್ಚುಕಟ್ಟು. ನನಗೆ ಉಸಿರು ಬರುತ್ತಿರಲಿಲ್ಲ, ಹಾಗಾಗಿ ನುಸಿಯ ಕಥೆ ಹೇಳಲಾಗಲಿಲ್ಲ. ಸುಮ್ಮನೆ ನನ್ನದನ್ನು ಅದರ ಪಕ್ಕದಲ್ಲಿ ನಿಲ್ಲಿಸಿದೆ. ಮೇಡಂ ಕೈಕಟ್ಟಿ ನೋಡುತ್ತ ನಿಂತರು. ಫೋಟೋದಲ್ಲಿ ಹೀಗಿರಲಿಲ್ಲವಲ್ಲ ಅಂದರು. ಆಮೇಲೆ ಹತ್ತಿರ ಬಂದು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು.

"ಈ ಧೂಳು ಏನ್ರೀ ಇದು? ಅಮೇಜಿಂಗ್ ಆಗಿದೆ."

ಅವರೇ ನೀಲಿ ಚಿತ್ರವನ್ನು ಎತ್ತಿ ಒಳಗಿನ ಕೋಣೆಗೆ ಒಯ್ದರು. ಮೊಳೆ ಹೊಡೆದದ್ದು ನಾನು, ಆ ಕೆಲಸ ಚೆನ್ನಾಗಿ ಬರುತ್ತದೆ. ಚಿತ್ರ ಗೋಡೆಗೆ ಏರಿತು. ಚೀಟಿ ಬರೆಯಲು ಅವರು ಲ್ಯಾಪ್‌ಟಾಪ್ ತೆಗೆದು, ಏನೇನು ಬಳಸಿದ್ದೀರಿ ಎಂದು ಕೇಳಿದರು. ನಾನು ಮೂರನೇ ಬೆಂಚಿನಲ್ಲಿ ಎದ್ದು ನಿಂತವನ ಹಾಗೆ ಒಪ್ಪಿಸಿದೆ: ಬಸ್ ಟಿಕೆಟು, ಕಿತ್ತ ಜಿಪ್ಪು, ಒಂಟಿ ಗುಂಡಿ, ಮದುವೆ ಕಾರ್ಡಿನ ಅಂಚು, ಸೀರೆಯ ಚೂರು, ಹಳದಿ ವೈರು, ಬಣ್ಣ, ಜೋಳದ ಅಳ್ಳು. ಒಂದೂ ಬಿಡದೆ ಟೈಪ್ ಮಾಡಿದರು. ಕಲಾವಿದರ ಹೆಸರು ಬಸವರಾಜ್ ತಾನೇ ಎಂದು ಕೇಳಿದಾಗ, ಇನ್ನೊಂದು ಹೆಸರಿದೆ ಮೇಡಂ ಅಂದೆ. ಎರಡನ್ನೂ ಹಾಕಿದರು.

ಶನಿವಾರ ಹನ್ನೊಂದಕ್ಕೆ ಶರಣಮ್ಮ ಇಳಕಲ್ ಸೀರೆ ಉಟ್ಟು ಬಂದಳು. ಒಳಗೆ ಎಸಿ, ಮೆಲ್ಲಗೆ ಮಾತಾಡುವ ಜನ, ಕೈಯಲ್ಲಿ ಸಣ್ಣ ಕಪ್ಪುಗಳಲ್ಲಿ ಕಾಫಿ. ಖಲೀಲ್ ಭಾಯ್ ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದರು, ನೋಡಲು ಬಂದವರಿಗೆಲ್ಲ ಕಟ್ಟಿನ ಮೂಲೆಯನ್ನು ಮಾತ್ರ ತೋರಿಸುತ್ತಿದ್ದರು. ಚೀಟಿಯ ಮೇಲಿನ ತನ್ನ ಹೆಸರನ್ನು ಶರಣಮ್ಮ ಓದಿದಳು. ಚಿತ್ರದಿಂದ ಹಿಂದೆ ಸರಿದು, ತಲೆ ಓರೆ ಮಾಡಿ, ಒಂದು ಕಣ್ಣು ಸಣ್ಣ ಮಾಡಿ ನೋಡಿದಳು. ಮೇಡಂ ಏನನ್ನುತ್ತಾರೋ ಎಂದು ಕಾದಾಗಲೂ ನನಗೆ ಇಷ್ಟು ಭಯವಿರಲಿಲ್ಲ.

"ಊರಿದ ಕಾಲಿಗೆ ಧೂಳು ಕಡಿಮಿ ಆತ್ರಿ," ಅಂದಳು. "ನಾ ಅವತ್ತ ಹೇಳಿದ್ನಿ. ನೀವು ಕೇಳಲಿಲ್ಲ."

ಊರಿದ ಕಾಲಿಗೆ ಹೆಚ್ಚು ಧೂಳು ಹಾಕಿದರೆ ಎತ್ತಿದ ಕಾಲು ಕಾಣುವುದಿಲ್ಲ ಎಂದು ನಾನು ಹೇಳಿದೆ. ಕಾಣದಿದ್ದರೆ ಏನಾಯಿತು, ಓಡುವವರ ಕಾಲು ಯಾರಿಗೆ ಕಾಣುತ್ತದೆ ಎಂದು ಅವಳು ಕೇಳಿದಳು. ನಾನು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದೆ, ಅವಳು ನನ್ನ ಬೆರಳು ಸರಿಸಿ ತನ್ನದನ್ನು ಇಟ್ಟಳು. ದನಿ ಸ್ವಲ್ಪ ಏರಿತು. ಹಿಂದೆ ಯಾರೋ ಮೆಲ್ಲಗೆ ಕೆಮ್ಮಿದರು. ತಿರುಗಿ ನೋಡಿದರೆ ಐದಾರು ಜನ ಸಾಲಾಗಿ ನಿಂತಿದ್ದರು, ನಾವು ಅಡ್ಡ ಸರಿದರೆ ಬಸ್ಸು ನೋಡೋಣ ಎಂದು.